ಬಿಸಿ ದಾಟಬೇಕು, ಹಾಲು ದಾಟಬಾರದು

ಬ್ರಹ್ಮಾವರ
6 ಜೂನ್ 2024

ಜಲಜಕ್ಕನಿಗೆ ನಮಸ್ಕಾರ.

ನನ್ನ ನಂಬರನ್ನು ನೀವು ಬ್ಲಾಕ್ ಮಾಡಿ ಏಳು ತಿಂಗಳಾಯಿತು. ಅಂಚೆಯಣ್ಣನನ್ನು ಬ್ಲಾಕ್ ಮಾಡಲಾಗದು ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ವಿಳಾಸ ಕೊಟ್ಟದ್ದು ಡೈರಿಯ ಗೇಟಿನ ಸೂರಣ್ಣ. ಅವರ ಮೇಲೆ ಸಿಟ್ಟಾಗಬೇಡಿ, ಎರಡು ವಾರ ಬೆನ್ನು ಬಿದ್ದ ಮೇಲೆ ಕೊಟ್ಟರು.

ಮೊದಲು ವಿಷಯ. ಮೊನ್ನೆ ನಾಲ್ಕನೇ ತಾರೀಕು ನಮ್ಮ ಡೈರಿಯ ಕಾಯಿಸಿದ ಹಾಲಿನಲ್ಲಿ ಮತ್ತೆ ಹಸಿ ಹಾಲು ಸಿಕ್ಕಿತು.

"ನಿಮ್ ಲ್ಯಾಬಿನ್ ಹಳದಿ ನೀರ್ ಕಂಡ್ರೆ ನಂಗೆ ಎಂತದೂ ತಿಳಿತಿಲ್ಲೆ" ಎಂದು ನೀವು ನಗುತ್ತಿದ್ದಿರಿ. ಅದು ಇಷ್ಟೇ: ಹಸಿ ಹಾಲಿನಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವ ಇರುತ್ತದೆ. ಎಪ್ಪತ್ತೆರಡು ಡಿಗ್ರಿಯಲ್ಲಿ ಹದಿನೈದು ಸೆಕೆಂಡು ಕಾದರೆ ಅದು ಸಾಯುತ್ತದೆ, ಅದರ ಜೊತೆಗೆ ರೋಗಾಣುಗಳೂ ಸಾಯುತ್ತವೆ. ಕಾದ ಹಾಲಿಗೆ ನಮ್ಮ ದ್ರಾವಣ ಹಾಕಿ ಎರಡು ಗಂಟೆ ಬೆಚ್ಚಗಿನ ನೀರಿನಲ್ಲಿಟ್ಟಾಗ ಹಳದಿಯಾದರೆ ಆ ಕಿಣ್ವ ಬದುಕಿದೆ, ಎಲ್ಲೋ ಹಸಿ ಹಾಲು ಸೇರಿದೆ ಎಂದರ್ಥ. ಮೊನ್ನೆ ಹಳದಿಯಾಯಿತು, ಕಳೆದ ಅಕ್ಟೋಬರಿನಲ್ಲಿ ಪ್ಯಾಕೆಟ್ ಹೋದ ಮೇಲೆ ಆದ ಹಾಗೆಯೇ.

ಅಕ್ಟೋಬರನ್ನು ನಿಮಗೆ ನೆನಪಿಸುವ ಹಕ್ಕು ನನಗಿಲ್ಲ. ಆದರೂ ಅದನ್ನು ದಾಟಿ ಮುಂದೆ ಬರೆಯಲು ನನ್ನಿಂದ ಆಗುತ್ತಿಲ್ಲ. ಕೋಟದ ಹಾಸ್ಟೆಲಿನ ಹದಿನೇಳು ಹೆಣ್ಣುಮಕ್ಕಳು ಕ್ರೀಡಾಕೂಟದ ದಿನ ನಮ್ಮ ತಣ್ಣನೆಯ ಸಿಹಿಹಾಲಿನ ಪ್ಯಾಕೆಟ್ ಕುಡಿದು ವಾಂತಿ, ಜ್ವರ ಎಂದು ಮಲಗಿದರು. ಒಬ್ಬಳು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಮ್ಯಾನೇಜರ್ ರವಿರಾಜ್ ವರದಿ ಬರೆದರು: 'ಪಾಶ್ಚರೈಸರ್ ಆಪರೇಟರ್ ಜಲಜ ಉಷ್ಣತೆ ಇಳಿದದ್ದನ್ನು ಗಮನಿಸದೆ ಹಾಲನ್ನು ಮುಂದೆ ಬಿಟ್ಟಿದ್ದಾರೆ. ನಿರ್ಲಕ್ಷ್ಯ.' ಕೆಳಗೆ ಲ್ಯಾಬಿನವರ ರುಜು ಬೇಕಿತ್ತು. ನಾನು ಹಾಕಿದೆ. ಇಪ್ಪತ್ಮೂರು ವರ್ಷ ಹಾಲು ಕಾಯಿಸುವ ಆ ಯಂತ್ರದ ಮುಂದೆ ನಿಂತಿದ್ದ ನೀವು ಒಂದೇ ಮಧ್ಯಾಹ್ನದಲ್ಲಿ ಗೇಟಿನ ಹೊರಗಿದ್ದಿರಿ. ಮರುತಿಂಗಳು ನನ್ನ ಕೆಲಸ ಖಾಯಂ ಆಯಿತು.

ಈಗ ಯಂತ್ರ ನೋಡಿಕೊಳ್ಳುವುದು ಯೋಗೀಶ್. ನಾಲ್ಕನೇ ತಾರೀಕಿನ ಉಷ್ಣತೆಯ ಚಾರ್ಟನ್ನು ಎರಡೆರಡು ಸಲ ನೋಡಿದೆ. ಮುಂದೆ ಹೋದ ಹಾಲು ಒಂದು ಕ್ಷಣವೂ ಎಪ್ಪತ್ತೆರಡಕ್ಕಿಂತ ಕೆಳಗಿಲ್ಲ. ಹಾಗಾದರೆ ತಪ್ಪು ಕಾಯಿಸುವುದರಲ್ಲಿಲ್ಲ. ಅಕ್ಟೋಬರಿನ ಚಾರ್ಟನ್ನು ಅವತ್ತು ನಾನು ನೋಡಿರಲಿಲ್ಲ, ತೋರಿಸಿ ಎಂದು ಕೇಳಿಯೂ ಇರಲಿಲ್ಲ. ಈಗ ಹುಡುಕಿದರೆ ಫೈಲಿನಲ್ಲಿ ಆ ಹಾಳೆಯೇ ಇಲ್ಲ.

ನಾನು ಸೇರಿದ ಮೊದಲ ದಿನ ನೀವು ಯಂತ್ರದೊಳಗೆ ಸಾಲಾಗಿ ಒತ್ತಿ ನಿಲ್ಲಿಸಿದ ಆ ಉಕ್ಕಿನ ಪ್ಲೇಟುಗಳನ್ನು ತೋರಿಸಿ ಹೇಳಿದ್ದಿರಿ: "ಕಾಣ್ ಹೆಣೆ, ಈ ಸಂದಿಯಂಗೆ ತಣ್ಣಗಿನ್ ಹಸಿ ಹಾಲ್ ಹೋತ್ತ್. ಪಕ್ಕದ್ ಸಂದಿಯಂಗೆ ಕಾದ್ ಹಾಲ್ ವಾಪಸ್ ಬತ್ತ್. ನಡುವಿಗೆ ಇಪ್ಪುದ್ ಬರೀ ತೆಳು ತಗಡ್. ಬಿಸಿ ದಾಟ್ಕ್, ಹಾಲ್ ದಾಟುಕಾಗ."

ಈಗ ಹಾಲು ದಾಟುತ್ತಿದೆ, ಜಲಜಕ್ಕ. ಎಲ್ಲಿ, ಯಾವಾಗ ಎಂದು ನಿಮಗಲ್ಲದೆ ಬೇರೆ ಯಾರಿಗೂ ಗೊತ್ತಾಗದು.

ಇತಿ,
ಕ್ಷಮಾ


ಉಪ್ಪುಂದ
19 ಜೂನ್ 2024

ಕ್ಷಮಾ,

ಕಾಗದ ಬಂತು. ಅತ್ತಿಗೆ ಸೀತು "ಯಾರ್ದ್ ಅದ್?" ಎಂದು ಕೇಳಿದಳು. ಡೈರಿಯದ್ದು ಎಂದೆ. "ಒಲಿಗ್ ಹಾಕ್" ಎಂದಳು. ಹಾಕಲಿಲ್ಲ, ಅಷ್ಟೇ.

ಎಪ್ಪತ್ತೆರಡಕ್ಕೆ ಮುಟ್ಟದ ಹಾಲನ್ನು ಒಂದು ಲೋಟದಷ್ಟೂ ಮುಂದೆ ಬಿಟ್ಟವಳಲ್ಲ ನಾನು. ಅದು ಅಕ್ಟೋಬರಿನಲ್ಲೂ ನಿನಗೆ ಗೊತ್ತಿತ್ತು. ಯಂತ್ರದ ಹುಳುಕು ಹುಡುಕಲು ಸಂಬಳ ತೆಗೆದುಕೊಳ್ಳುವವರು ಅಲ್ಲಿದ್ದಾರೆ, ಅವರನ್ನು ಕೇಳು.

ಇನ್ನು ಬರೆಯಬೇಡ.

ಜಲಜ


ಬ್ರಹ್ಮಾವರ
14 ಜುಲೈ 2024

ಜಲಜಕ್ಕನಿಗೆ,

ಬರೆಯಬೇಡ ಎಂದಿರಿ. ನಿಮ್ಮ ಮಾತು ಮೀರಿ ಬರೆಯುತ್ತಿದ್ದೇನೆ.

ಇಲ್ಲಿಯವರೆಗೆ ನಾಲ್ಕು ಸಲ ಹಳದಿಯಾಯಿತು: ಜೂನ್ ನಾಲ್ಕು, ಜೂನ್ ಹತ್ತೊಂಬತ್ತು, ಜುಲೈ ಎರಡು, ಜುಲೈ ಹನ್ನೊಂದು. ನಡುವಿನ ದಿನಗಳಲ್ಲಿ ಏನೂ ಇಲ್ಲ, ಹಾಲು ಸ್ವಚ್ಛ. ಥರ್ಮಾಮೀಟರುಗಳನ್ನು ಮಂಗಳೂರಿಗೆ ಕಳಿಸಿ ಪರೀಕ್ಷಿಸಿದೆ, ಸರಿಯಾಗಿವೆ. ಕಾಯದ ಹಾಲನ್ನು ಹಿಂದಕ್ಕೆ ತಿರುಗಿಸುವ ವಾಲ್ವನ್ನು ಬಿಚ್ಚಿಸಿದೆ, ಅದೂ ಸರಿ. ಕೊನೆಗೆ ಯಂತ್ರದ ಕಂಪನಿಯಿಂದ ಸರ್ವಿಸ್‌ನವರು ಬಂದು ಪ್ಲೇಟುಗಳನ್ನೆಲ್ಲ ಬಿಚ್ಚಿ ತೊಳೆದು, ಒಂದು ಬದಿಗೆ ಬಣ್ಣ ಬಳಿದು, ಇನ್ನೊಂದು ಬದಿಗೆ ಇಳಿಯುತ್ತದೆಯೇ ಎಂದು ದೀಪ ಹಿಡಿದು ನೋಡಿದರು. ಒಂದು ಚುಕ್ಕೆಯೂ ಕಾಣಲಿಲ್ಲ. 'ಪ್ಲೇಟುಗಳಲ್ಲಿ ದೋಷವಿಲ್ಲ' ಎಂದು ಬರೆದುಕೊಟ್ಟು ಸಂಜೆಯ ರೈಲಿಗೆ ಹೋದರು.

ಆ ಕಾಗದ ಹಿಡಿದುಕೊಂಡು ರವಿರಾಜ್ ಲ್ಯಾಬಿಗೆ ಬಂದರು. "ಮಶಿನ್ ಸರಿ ಉಂಟು ಅಂತ ಬರ್ದುಕೊಟ್ಟಾಯ್ತಲ್ಲ. ಇನ್ನು ಹಾಳಾದದ್ದು ನಿಮ್ಮ ಬಾಟ್ಲಿಯ ಮದ್ದು ಮಾತ್ರ."

"ಮದ್ದು ಹೊಸತು ಸರ್. ಬೇರೆ ದಿನ ಯಾಕೆ ಹಳದಿ ಆಗುದಿಲ್ಲ ಹಾಗಾದ್ರೆ?"

"ಹಳದಿ ಅಂದ್ರೆ ಎಷ್ಟು ಹಳದಿ ಮಾರಾಯ್ತಿ? ಸ್ವಲ್ಪ ಆದ್ರೆ ಇಲ್ಲ ಅಂತ ಬರೀಲಿಕ್ಕೆ ಏನು ಕಷ್ಟ?"

ನಾನು ಅವರ ಕಣ್ಣೆದುರಿಗೇ ರಿಜಿಸ್ಟರಿನಲ್ಲಿ 'ಹಸಿ ಹಾಲು ಇದೆ' ಎಂದು ಬರೆದು ಕೆಳಗೆ ಗೆರೆ ಎಳೆದೆ. ಗೆರೆ ಸೊಟ್ಟಗಾಯಿತು.

ಮೊದಲ ಮೂರು ಸಲ ಹಾಲು ಹೊರಗೆ ಹೋಗದಂತೆ ತಡೆದಿದ್ದೆ. ಹನ್ನೊಂದನೇ ತಾರೀಕು ಫಲಿತಾಂಶಕ್ಕೆ ಕಾಯದೆ ಅವರು ಗಾಡಿ ಕಳಿಸಿಬಿಟ್ಟಿದ್ದರು. ನಾನು ಕುಂದಾಪುರದಿಂದ ಸಾಲಿಗ್ರಾಮದವರೆಗೆ ಒಂದೊಂದು ಅಂಗಡಿಗೂ ಫೋನ್ ಮಾಡಿ "ಇವತ್ತಿನ ಪ್ಯಾಕೆಟ್ ಮಾರಬೇಡಿ" ಎಂದೆ. ನಲವತ್ತು ಕ್ರೇಟು ವಾಪಸ್ ಬಂದವು. ಅದಕ್ಕೆ ನನಗೊಂದು ನೋಟಿಸು ಸಿಕ್ಕಿತು: ಸಂಸ್ಥೆಯ ಹೆಸರಿಗೆ ಧಕ್ಕೆ ತಂದದ್ದಕ್ಕೆ ವಿವರಣೆ ಕೊಡಬೇಕಂತೆ.

ವಿವರಣೆ ಕೊಡುತ್ತೇನೆ. ಆದರೆ ಹಾಲು ಎಲ್ಲಿ ದಾಟುತ್ತಿದೆ ಎಂದು ತೋರಿಸದೆ ಯಾರು ನಂಬುತ್ತಾರೆ?

ನೀವು ಉತ್ತರಿಸದಿದ್ದರೂ ಇನ್ನೊಮ್ಮೆ ಬರೆಯುವ,
ಕ್ಷಮಾ


ಉಪ್ಪುಂದ
9 ಆಗಸ್ಟ್ 2024

ಕ್ಷಮಾ,

ನೀನು ಕೇಳಿದ್ದಕ್ಕೆ ಬರೆಯುತ್ತಿಲ್ಲ. ಒಂದು ಸಂಗತಿ ತಲೆಯೊಳಗೆ ಕೂತು ನಿದ್ದೆ ಕೆಡಿಸಿದ್ದಕ್ಕೆ ಬರೆಯುತ್ತಿದ್ದೇನೆ.

ನಾನೀಗ ಇಲ್ಲಿಯ ಐಸ್ ಪ್ಲಾಂಟಿನಲ್ಲಿದ್ದೇನೆ. ಮಳೆಗಾಲದ ರಜೆ ಮುಗಿದು ಒಂದನೇ ತಾರೀಕಿಗೆ ಮೀನಿನ ಬೋಟುಗಳು ಕಡಲಿಗೆ ಇಳಿದವು, ಅಲ್ಲಿಂದ ನಮಗೆ ಉಸಿರಾಡಲು ಪುರುಸೊತ್ತಿಲ್ಲ. ಇಲ್ಲಿ ದೊಡ್ಡ ತೊಟ್ಟಿಯಲ್ಲಿ ಕೊರೆಯುವ ಉಪ್ಪುನೀರು ಇರುತ್ತದೆ. ಅದರಲ್ಲಿ ತಗಡಿನ ಉದ್ದುದ್ದ ಡಬ್ಬಿಗಳನ್ನು ಮುಳುಗಿಸಿಟ್ಟು ಒಳಗೆ ಸಿಹಿನೀರು ತುಂಬಿಸಿದರೆ ಮರುದಿನಕ್ಕೆ ಗಡ್ಡೆಯಾಗುತ್ತದೆ. ಇಲ್ಲೂ ಅದೇ ಕತೆ: ತಂಪು ದಾಟಬೇಕು, ಉಪ್ಪು ದಾಟಬಾರದು.

ಕಳೆದ ವಾರ ಒಂದು ಡಬ್ಬಿಯ ಐಸ್ ಗಟ್ಟಿಯಾಗದೆ ನಡುವೆ ಗಂಜಿಯಂತಾಯಿತು. ನಾಲಿಗೆಗೆ ಮುಟ್ಟಿಸಿದೆ, ಉಪ್ಪು. ಡಬ್ಬಿಯಲ್ಲಿ ತೂತಿದೆ ಎಂದೆ. ನಮ್ಮ ಮೇಸ್ತ್ರಿ ಒಪ್ಪಲಿಲ್ಲ. "ಇದೇ ಡಬ್ಬಿಯಂಗೆ ನಿನ್ನೆ ಮೊನ್ನೆ ಎಲ್ಲಾ ಲಾಯ್ಕ್ ಐಸ್ ಆಯ್ತಲೆ, ತೂತ್ ಎಲ್ಲಿಂದ ಬಂತ್?" ಎಂದ. ನನಗೂ ಆ ಪ್ರಶ್ನೆ ಸರಿಯೆನಿಸಿತು. ಎರಡು ದಿನ ಆ ಡಬ್ಬಿಯ ಹಿಂದೆಯೇ ಬಿದ್ದೆ. ಆಮೇಲೆ ತಿಳಿಯಿತು. ಅವತ್ತು ನೀರು ಸಾಲದೆ ಆ ಡಬ್ಬಿಯನ್ನು ಅರ್ಧ ತುಂಬಿಸಿದ್ದರು. ಡಬ್ಬಿ ತುಂಬಿದ್ದರೆ ಒಳಗಿನ ಸಿಹಿನೀರೇ ತೂತಿನಿಂದ ಹೊರಗೆ ಒಸರುತ್ತದೆ, ಐಸ್ ಚೆನ್ನಾಗಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅರ್ಧ ತುಂಬಿದ್ದರೆ ಹೊರಗಿನ ಉಪ್ಪುನೀರು ಎತ್ತರ, ಅದು ಒಳಗೆ ನುಗ್ಗುತ್ತದೆ. ತೂತು ಅದೇ, ಒತ್ತುವವರು ಬೇರೆ.

ನಿನ್ನ ನಾಲ್ಕು ತಾರೀಕುಗಳು ಆಗ ನೆನಪಾದವು.

ನಮ್ಮ ಯಂತ್ರದಲ್ಲಿ ಕಾದ ಹಾಲಿನ ಬದಿಗೆ ಬೂಸ್ಟರ್ ಪಂಪು ಇದೆ. ಹಸಿ ಹಾಲಿಗಿಂತ ಕಾದ ಹಾಲಿನ ಒತ್ತಡ ಯಾವಾಗಲೂ ಒಂದು ಕೈ ಮೇಲಿರಬೇಕು ಎಂದು ಅದನ್ನು ಇಟ್ಟದ್ದು. ಹಾಗಿರುವಾಗ ಪ್ಲೇಟು ಬಿರುಕು ಬಿಟ್ಟರೂ ಕಾದ ಹಾಲು ಹಸಿಯ ಕಡೆಗೆ ಹೋಗುತ್ತದೆಯೇ ಹೊರತು ಹಸಿ ಈಚೆಗೆ ಬರಲಾರದು. ಆ ಪಂಪು ಯಾವಾಗ ನಿಲ್ಲುತ್ತದೆ?

ಸೂರಣ್ಣನ ಹತ್ತಿರ ಜನರೇಟರ್ ಪುಸ್ತಕ ಇರುತ್ತದೆ. ಕರೆಂಟು ಹೋದ ಹೊತ್ತು, ಬಂದ ಹೊತ್ತು ಎಲ್ಲ ಬರೆಯುತ್ತಾರೆ. ಆ ನಾಲ್ಕು ದಿನ ತೆಗೆದು ನೋಡು. ನೋಡಿದ ಮೇಲೆ ನನಗೆ ಬರೆಯಲೇಬೇಕೆಂದಿಲ್ಲ.

ಜಲಜ


ಬ್ರಹ್ಮಾವರ
21 ಆಗಸ್ಟ್ 2024

ಪ್ರೀತಿಯ ಜಲಜಕ್ಕ,

ಬರೆಯದೆ ಹೇಗಿರಲಿ?

ನಾಲ್ಕೂ ದಿನ ಹಾಲು ಕಾಯಿಸುವ ಹೊತ್ತಿನಲ್ಲೇ ಕರೆಂಟು ಹೋಗಿದೆ. ಮಳೆಗಾಲದಲ್ಲಿ ಬೇರೆ ದಿನಗಳಲ್ಲೂ ಹೋಗಿದೆ, ಆದರೆ ಆಗ ಯಂತ್ರ ನಿಂತಿತ್ತು ಅಥವಾ ತೊಳೆಯುತ್ತಿದ್ದರು. ಸೂರಣ್ಣ ಕನ್ನಡಕ ಮೂಗಿನ ತುದಿಗಿಟ್ಟು ಪುಸ್ತಕದ ಮೇಲೆ ಬೆರಳಾಡಿಸುತ್ತ, "ಇದ್ ಕಾಣಿ, ಇದೂ ಕಾಣಿ" ಎಂದು ಒಂದೊಂದೇ ತೋರಿಸಿದರು.

ಮರುದಿನ ಯೋಗೀಶನ ಜೊತೆ, ಪಂಪುಗಳನ್ನು ತಾನೇ ನಡೆಸುವ ಆ ಹೊಸ ಪ್ಯಾನೆಲ್ ಮುಂದೆ ಗಡಿಯಾರ ಹಿಡಿದು ನಿಂತೆ. ಜನರೇಟರ್ ಶುರುವಾದೊಡನೆ ಪ್ಯಾನೆಲ್ ಮೊದಲು ಏಳಿಸುವುದು ಹಸಿ ಹಾಲಿನ ಪಂಪನ್ನು. ನಿಮ್ಮ ಬೂಸ್ಟರ್ ಏಳುವುದು ತೊಂಬತ್ತು ಸೆಕೆಂಡು ತಡವಾಗಿ. ಅಷ್ಟು ಹೊತ್ತು ಒಂದು ಬದಿಯಲ್ಲಿ ಹಸಿ ಹಾಲು ಒತ್ತುತ್ತಿರುತ್ತದೆ, ಇನ್ನೊಂದು ಬದಿಯಲ್ಲಿ ಮೊದಲೇ ಕಾದು ಬಂದ ಹಾಲು ಸುಮ್ಮನೆ ನಿಂತಿರುತ್ತದೆ. ಹಸಿ ಹಾಲು ಅದಕ್ಕೆ ಇಳಿಯುತ್ತದೆ. ಆಮೇಲೆ ಎಲ್ಲ ಸರಿಹೋಗಿ ಎಪ್ಪತ್ತೆರಡು ಮುಟ್ಟಿ ಹಾಲು ಮುಂದೆ ಹೊರಟಾಗ ಮೊದಲು ಹೊರಬೀಳುವುದು ಆ ಕೆಟ್ಟ ಹಾಲೇ. ಥರ್ಮಾಮೀಟರ್ ಸುಳ್ಳು ಹೇಳುವುದಿಲ್ಲ, ಅದಕ್ಕೆ ಗೊತ್ತೇ ಇಲ್ಲ.

ಕಳೆದ ವರ್ಷದ ಪುಸ್ತಕವನ್ನೂ ತೆಗೆಸಿದೆ. ಆ ಅಕ್ಟೋಬರ್ ದಿನ ಬೆಳಿಗ್ಗೆ ಆರೂ ಹತ್ತಕ್ಕೆ ಕರೆಂಟು ಹೋಗಿದೆ.

ರವಿರಾಜ್ ಹೇಳುವುದು ಒಂದೇ: "ಪ್ಲೇಟಿನಲ್ಲಿ ಬಿರುಕೇ ಇಲ್ಲ ಅಂತ ಸರ್ಟಿಫಿಕೇಟ್ ಉಂಟು. ಇಲ್ಲದ ಬಿರುಕಿನಲ್ಲಿ ಹಾಲು ಹೇಗೆ ಹೋಗ್ತದೆ?" ಸರ್ವಿಸ್‌ನವರಿಗೆ ಆ ಬಿರುಕು ಯಾಕೆ ಸಿಗಲಿಲ್ಲ?

ಇನ್ನೊಂದು ಕೇಳಬೇಕು. ಕರೆಂಟು ಹೋಗಿತ್ತು ಎಂದು ನೀವು ಅವತ್ತು ವಿಚಾರಣೆಯಲ್ಲಿ ಹೇಳಬಹುದಿತ್ತು. ನಿಮ್ಮ ಎದುರು ಕೂತಿದ್ದ ನನ್ನ ಮುಖ ನೋಡಿ ಬೈಯಬಹುದಿತ್ತು. ನೀವು ಬಾಯಿ ಬಿಡಲಿಲ್ಲ. ಯಾರಿಗೂ ಹೆದರದ ನೀವು ಅವತ್ತು ಯಾಕೆ ಸುಮ್ಮನಿದ್ದಿರಿ?

ನಿಮ್ಮ,
ಕ್ಷಮಾ


ಉಪ್ಪುಂದ
5 ಸೆಪ್ಟೆಂಬರ್ 2024

ಕ್ಷಮಾ,

ಕೇಳಿದೆಯಲ್ಲ, ಓದು.

ನಾನು ಇಪ್ಪತ್ತೆರಡನೇ ವಯಸ್ಸಿಗೆ ಪ್ಯಾಕೆಟ್ ಕಟ್ಟಲು ಸೇರಿದವಳು. ಯಂತ್ರ ಕಲಿಸಿದ್ದು ಗುಜರಾತಿನಿಂದ ಬಂದಿದ್ದ ಪಟೇಲ್ ಎಂಬ ಫಿಟ್ಟರ್. ಹೆಂಗಸು ಯಾಕೆ ಇದಕ್ಕೆ ಕೈ ಹಾಕುತ್ತಾಳೆ ಎಂದು ಎಲ್ಲ ಕೇಳುವಾಗ ಆ ಮುದುಕ ಮಾತ್ರ ಸ್ಪ್ಯಾನರ್ ಕೊಟ್ಟ. ಅವನು ಹೇಳಿದ್ದ: ಕರೆಂಟು ಹೋಗಿ ಬಂದ ಮೇಲೆ ಮೊದಲ ಎರಡು ಕ್ಯಾನ್ ಹಾಲನ್ನು ಮುಂದೆ ಬಿಡಬೇಡ, ಹಸಿ ಹಾಲಿನ ಟ್ಯಾಂಕಿಗೇ ತಿರುಗಿಸು, ನಿಂತ ಹಾಲನ್ನು ನಂಬಬೇಡ. ಯಾಕೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಪ್ಪತ್ಮೂರು ವರ್ಷ ತಿರುಗಿಸಿದೆ.

ಕಳೆದ ವರ್ಷ ಹೊಸ ಪ್ಯಾನೆಲ್ ಬಂತು. ಇಷ್ಟು ಹಾಲನ್ನು ಎರಡೆರಡು ಸಲ ಕಾಯಿಸಿದರೆ ಡೀಸೆಲ್ ದಂಡ ಎಂದು ರವಿರಾಜ್ ಹೇಳಿದರು. ಆ ಅಕ್ಟೋಬರ್ ಬೆಳಿಗ್ಗೆ ಕರೆಂಟು ಬಂದಾಗ ನನ್ನ ಕೈ ವಾಲ್ವಿನ ಮೇಲೆಯೇ ಇತ್ತು. ಅವರು ಹಿಂದಿನಿಂದ "ಬಿಡಿ ಜಲಜಕ್ಕ, ಪ್ಯಾನೆಲ್ ನೋಡಿಕೊಳ್ತದೆ" ಎಂದರು. ಅದಕ್ಕೆ ಹಿಂದಿನ ದಿನವಷ್ಟೇ ಅವರ ಜೊತೆ ಬೇರೆ ಯಾವುದಕ್ಕೋ ಜಗಳವಾಗಿತ್ತು. ದಿನಾ ಜಗಳ ಯಾಕೆ ಎನಿಸಿತು. ಕೈ ತೆಗೆದೆ.

ಇಪ್ಪತ್ಮೂರು ವರ್ಷದಲ್ಲಿ ಅವರು ಹೇಳಿದ ಹಾಗೆ ಕೇಳಿದ್ದು ಅದೊಂದೇ ದಿನ. ಮರುದಿನ ಸಂಜೆ ಹೊತ್ತಿಗೆ ಹದಿನೇಳು ಮಕ್ಕಳು ಹಾಸಿಗೆ ಹಿಡಿದಿದ್ದರು. ವಿಚಾರಣೆಯಲ್ಲಿ ಕೂತಾಗ ನನಗೆ ಕಾಣುತ್ತಿದ್ದದ್ದು ನನ್ನ ಕೈ ಮಾತ್ರ. ನಿರ್ಲಕ್ಷ್ಯ ಎಂದು ಓದಿದಾಗ, ಹೌದಲ್ಲ ಎನಿಸಿತು. ನಿನ್ನ ರುಜುವಿಗೆ ನಾನು ಸಿಟ್ಟಾದದ್ದು ನಿಜ. ಆದರೆ ನೀನು ರುಜು ಹಾಕಿದ್ದೂ ನಾನು ಕೈ ತೆಗೆದದ್ದೂ ಒಂದೇ ಜಾತಿಯ ಕೆಲಸ. ಇಬ್ಬರೂ ಮಾತು ಕೇಳಿದೆವು.

ಇನ್ನು ಕೇಳುವುದಿಲ್ಲ.

ಸರ್ವಿಸ್‌ನವರಿಗೆ ಬಿರುಕು ಯಾಕೆ ಸಿಗಲಿಲ್ಲ ಎಂದೆಯಲ್ಲ. ಅವರು ಪ್ಲೇಟನ್ನು ಬಿಚ್ಚಿ, ತಣ್ಣಗೆ ಮಾಡಿ, ಮೇಜಿನ ಮೇಲೆ ಮಲಗಿಸಿ ನೋಡಿದರು. ಉಕ್ಕು ತಣ್ಣಗಿದ್ದಾಗ ಬಾಯಿ ಮುಚ್ಚಿಕೊಂಡಿರುತ್ತದೆ. ಕಾದು ಹಿಗ್ಗಿ, ಅಕ್ಕಪಕ್ಕದವು ಒತ್ತಿದಾಗಲೇ ಬಾಯಿ ಬಿಡುವುದು. ಆದ್ದರಿಂದ ಬಿಚ್ಚಬೇಡ. ಯಂತ್ರ ಬಿಗಿದಿದ್ದ ಹಾಗೆಯೇ ಹಸಿ ಹಾಲಿನ ಬದಿಗೆ ಎಪ್ಪತ್ತು ಡಿಗ್ರಿಯ ಬಿಸಿನೀರು ತುಂಬಿಸಿ ಒತ್ತಡ ಕೊಡು. ಆ ನೀರಿಗೆ ಜಿಲೇಬಿಗೆ ಹಾಕುವ ಕೆಂಪು ಬಣ್ಣ ಹಾಕು. ಕಾದ ಹಾಲಿನ ಬದಿಯನ್ನು ಪೂರಾ ಖಾಲಿ ಮಾಡಿ, ಒಣಗಿಸಿ, ಅದರ ಬಾಯಿಗೆ ಬಿಳಿ ಬಟ್ಟೆ ಹಿಡಿ. ಕೆಂಪು ಬಂದರೆ ಅದು ಎಲ್ಲಿಂದ ಬಂತು ಎಂದು ಯಾವ ಸರ್ಟಿಫಿಕೇಟೂ ವಾದ ಮಾಡಲಾರದು.

ಇಪ್ಪತ್ನಾಲ್ಕನೇ ತಾರೀಕು ಮಂಗಳವಾರ ನನಗೆ ರಜೆ. ಬರುತ್ತೇನೆ. ಹಿಂದಿನ ಬಾಗಿಲಿನಿಂದ ಅಲ್ಲ. ಗೇಟಿನ ಪುಸ್ತಕದಲ್ಲಿ ನನ್ನ ಹೆಸರು ಬರೆದೇ ಒಳಗೆ ಬರುವುದು.

ಜಲಜ


ಬ್ರಹ್ಮಾವರ
27 ಸೆಪ್ಟೆಂಬರ್ 2024

ಜಲಜಕ್ಕ,

ನೀವು ಮಧ್ಯಾಹ್ನದ ಬಸ್ಸು ಹತ್ತಿ ಹೋಗಿಬಿಟ್ಟಿರಿ, ಆದದ್ದನ್ನೆಲ್ಲ ಮೊದಲಿನಿಂದ ಬರೆಯುತ್ತೇನೆ. ನಿಮ್ಮ ಐಸ್ ಲೋಡಿಗೆ ಅವತ್ತೇ ಕರೆ ಬರಬೇಕಿತ್ತೇ?

ಹಿಂದಿನ ಮೂರು ದಿನ ನಾನು ಹಾಲು ಬಿಡುಗಡೆಯ ಚೀಟಿಗೆ ರುಜು ಹಾಕಿರಲಿಲ್ಲ. 'ಯಂತ್ರವನ್ನು ಬಿಸಿಯಲ್ಲಿ ಪರೀಕ್ಷಿಸುವವರೆಗೆ ಹಾಕುವುದಿಲ್ಲ' ಎಂದು ಬರೆದುಕೊಟ್ಟಿದ್ದೆ. ರವಿರಾಜ್ ತಾವೇ ರುಜು ಹಾಕಿ ಕಳಿಸಲು ನೋಡಿದರು, ಜುಲೈಯಲ್ಲಿ ಕ್ರೇಟುಗಳನ್ನು ವಾಪಸ್ ಹೊತ್ತ ಡ್ರೈವರುಗಳು ಈ ಸಲ ಲ್ಯಾಬಿನ ಚೀಟಿ ಇಲ್ಲದೆ ಗಾಡಿ ತೆಗೆಯಲಿಲ್ಲ. ಅದಕ್ಕೇ ಮಾಲೀಕರಾದ ಸುಧೀರ್ ಸರ್ ಅವತ್ತು ಓಡಿ ಬಂದದ್ದು.

ಗೇಟಿನಲ್ಲಿ ನಡೆದದ್ದನ್ನು ಸೂರಣ್ಣ ನನಗೆ ಅಭಿನಯ ಮಾಡಿಯೇ ತೋರಿಸಿದರು. "ಹ್ವಾಯ್ ಜಲಜಕ್ಕ, ಒಳ್ಗ್ ಬಿಡುಕಾಗ ಅಂದಿರ್ ಸಾಹೇಬ್ರ್. ನಾನ್ ಎಂತ ಮಾಡೂದ್?" ಎಂದು ಅವರು ಕೈ ಹಿಸುಕಿಕೊಂಡಾಗ ನೀವು, "ನೀವ್ ಎಂತದೂ ಮಾಡುದ್ ಬ್ಯಾಡ ಸೂರಣ್ಣ. ಪುಸ್ತಕದಂಗೆ ಬರೀರಿ. ಬಂದದ್ ಯಾರ್, ತಡ್ದದ್ ಯಾರ್, ಎರಡೂ ಬರೀರಿ" ಎಂದಿರಂತೆ. ಅವರು ಬರೆದಿದ್ದಾರೆ. ನಾನು ನೋಡಿದೆ.

ಒಳಗೆ ನಾವು ತಣ್ಣೀರಿನಲ್ಲಿ ಮೊದಲು ಅರ್ಧ ಗಂಟೆ ಕಾದೆವು. ಬಟ್ಟೆ ಬೆಳ್ಳಗೇ ಇತ್ತು. ಬಿಸಿನೀರು, ಕೆಂಪು ಬಣ್ಣ, ಒತ್ತಡ. ಹತ್ತು ನಿಮಿಷ. ಇಪ್ಪತ್ತು. ಏನೂ ಇಲ್ಲ. "ಆಯ್ತಲ್ಲ ನಿಮ್ಮ ನಾಟಕ?" ಎಂದು ರವಿರಾಜ್ ವಾಲ್ವ್ ತೆರೆಯಲು ಹೋದಾಗ ನಾನು ಅಡ್ಡ ನಿಂತೆ. ಯೋಗೀಶನನ್ನು ಅಲ್ಲಿ ನಿಲ್ಲಿಸಿ ಗೇಟಿಗೆ ಓಡಿ ಬಂದೆ. ನೀವು ಹೆದ್ದಾರಿಯ ಬದಿಯಲ್ಲಿ ಕೊಡೆ ಹಿಡಿದು ನಿಂತಿದ್ದಿರಿ. ಹನ್ನೊಂದು ತಿಂಗಳ ಮೇಲೆ ನಿಮ್ಮ ಮುಖ ಕಂಡದ್ದು. ಹೇಗಿದ್ದೀರಿ ಎಂದೂ ಕೇಳಲಿಲ್ಲ ನಾನು.

"ಎಷ್ಟ್ ಹೊತ್ ಆಯ್ತ್?"

"ಇಪ್ಪತ್ತು ನಿಮಿಷ. ಒಂದು ಹನಿಯೂ ಇಲ್ಲ ಜಲಜಕ್ಕ."

"ಪ್ಲೇಟ್ ಬಿಸಿ ಆಯ್ತ್, ಅದ್ನ ಹಿಡ್ಕಂಡ್ ಇಪ್ಪ ದಪ್ಪ ಚೌಕಟ್ಟ್ ಬಿಸಿ ಆಪ್ಕ್ ಬ್ಯಾಡ್ದಾ? ಕೈ ಇಟ್ ಕಾಣ್. ಅದ್ ಸುಡುವರಿಗೆ ಕಾಯ್ಕ್."

ನಾನು ಒಳಗೆ ಓಡಿದೆ. ಆಗ ಸುಧೀರ್ ಸರ್ ಕಾರು ಬಂತಂತೆ, ನೀವು ಅದರ ಮುಂದೆ ನಿಂತಿರಂತೆ. "ನಾನ್ ಒಳ್ಗ್ ಬಪ್ಪುದಿಲ್ಲೆ. ನೀವ್ ಹೋಯಿ ಆ ಮಿಶನ್ ಎದ್ರ್ ಒಂದ್ ಗಂಟಿ ನಿಲ್ಲಿ. ನಿಮ್ ಮಿಶನ್, ನಿಮ್ ಹಾಲ್. ಒಂದ್ ಗಂಟಿ ನಿಲ್ಲುಕ್ ಆತಿಲ್ಯಾ?" ಅವರು ನೇರ ಬಂದು ಯಂತ್ರದ ಮುಂದೆ ನಿಂತರು. ಯಾಕೆ ನಿಂತರೆಂದು ನನಗೆ ಆಮೇಲಷ್ಟೇ ತಿಳಿಯಿತು.

ನಲವತ್ಮೂರನೇ ನಿಮಿಷಕ್ಕೆ ಬಟ್ಟೆಯ ನಡುವೆ ಸಾಸಿವೆಯಷ್ಟು ಕೆಂಪು ಮೂಡಿತು. ಅದು ಅಗಲವಾಯಿತು. ಇನ್ನೊಂದು ಹನಿ ಬಿತ್ತು, ಮತ್ತೊಂದು. ಯೋಗೀಶ್ "ಬಂತ್! ಬಂತ್!" ಎಂದು ಕೂಗಿದ. ನಾನು ಅತ್ತೆ. ನಾಚಿಕೆಯೇನಿಲ್ಲ.

ಮರುದಿನ ಒಂದೊಂದೇ ಪ್ಲೇಟು ತೆಗೆದೆವು. ಮೂವತ್ತೊಂದನೆಯದರಲ್ಲಿ, ಪಕ್ಕದ ಪ್ಲೇಟು ತಾಗಿ ತಾಗಿ ಸವೆದ ಜಾಗದಲ್ಲಿ, ಕೂದಲಿನಷ್ಟು ಸಣ್ಣ ಬಿರುಕು. ಇಷ್ಟೇ ಇಷ್ಟು.

ಸುಧೀರ್ ಸರ್ ನನ್ನನ್ನು ಕರೆದು ಒಳ್ಳೆಯ ಮಾತಿನಲ್ಲೇ ಹೇಳಿದರು: ಪ್ಲೇಟುಗಳನ್ನೆಲ್ಲ ಬದಲಿಸುತ್ತೇವೆ, ಪ್ಯಾನೆಲ್ ಸರಿ ಮಾಡಿಸುತ್ತೇವೆ, ರವಿರಾಜ್ ರಜೆಯಲ್ಲಿರುತ್ತಾರೆ. ಜಲಜ ಬೇಕಾದರೆ ಕೆಲಸಕ್ಕೆ ಬರಲಿ. ಹಳೆಯ ವರದಿ ಮಾತ್ರ ಹಾಗೆಯೇ ಇರಲಿ, ಮುಗಿದದ್ದನ್ನು ಕೆದಕುವುದು ಬೇಡ.

"ಮುಗಿದಿಲ್ಲ ಸರ್" ಎಂದು ಎದ್ದು ಬಂದೆ. ಮುಂದೆ ಏನು ಎಂದು ಇನ್ನೂ ಗೊತ್ತಿಲ್ಲ.

ಕ್ಷಮಾ


ಬ್ರಹ್ಮಾವರ
22 ಅಕ್ಟೋಬರ್ 2024

ಜಲಜಕ್ಕ,

ಇದರ ಜೊತೆ ಒಂದು ಪ್ರತಿ ಇಟ್ಟಿದ್ದೇನೆ. ಮೂಲವನ್ನು ಉಡುಪಿಯ ಆಹಾರ ಸುರಕ್ಷತಾ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ.

'ಕಳೆದ ವರ್ಷ ಅಕ್ಟೋಬರಿನ ವರದಿಗೆ ನಾನು ಹಾಕಿದ ರುಜುವನ್ನು ಹಿಂತೆಗೆದುಕೊಳ್ಳುತ್ತೇನೆ. ಉಷ್ಣತೆಯ ಚಾರ್ಟನ್ನು ನೋಡದೆಯೇ ಸಹಿ ಮಾಡಿದ್ದೆ. ಅಂದು ಹಾಲು ಕೆಟ್ಟದ್ದು ಬಿರುಕು ಬಿಟ್ಟ ಪ್ಲೇಟಿನಿಂದ ಮತ್ತು ತಪ್ಪು ಕ್ರಮದಲ್ಲಿ ಏಳುವ ಪಂಪುಗಳಿಂದ ಎಂದು ನಂಬಲು ಪುರಾವೆಯಿದೆ. ಅದನ್ನು ತಡೆಯುವ ಅಭ್ಯಾಸ ಆಪರೇಟರಿಗೆ ಇತ್ತು. ಅದನ್ನು ನಿಲ್ಲಿಸಲು ಹೇಳಿದ್ದು ಆಡಳಿತ.'

ನಿಮ್ಮ ಕೈಯ ವಿಷಯ ಬರೆಯಲಿಲ್ಲ. ಅದು ನಿಮ್ಮದು.

ನನ್ನನ್ನು ತನಿಖೆಯವರೆಗೆ ಎಂದು ಮನೆಗೆ ಕಳಿಸಿದ್ದಾರೆ. ಅಮ್ಮ ಮಾತಾಡುತ್ತಿಲ್ಲ. ಆದರೆ ಹೊಟ್ಟೆ ತುಂಬ ಊಟ ಮಾಡುತ್ತಿದ್ದೇನೆ, ಚೆನ್ನಾಗಿ ನಿದ್ದೆ ಬರುತ್ತಿದೆ.

ಕ್ಷಮಾ


ಉಪ್ಪುಂದ
8 ನವೆಂಬರ್ 2024

ಪ್ರೀತಿಯ ಕ್ಷಮಾ,

ನಿನ್ನ ಪ್ರತಿಯನ್ನು ಸೀತುವಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಹೆಣ್ಣಿಗ್ ಧೈರ್ಯ ಇತ್ತ್" ಎಂದಳು. ಅವಳ ಬಾಯಲ್ಲಿ ಇಷ್ಟು ಬಂದರೆ ದೊಡ್ಡದು.

ಸುಧೀರ್ ಸರ್ ನನಗೂ ಕಾಗದ ಕಳಿಸಿದ್ದರು. 'ಕೆಲವು ತಾಂತ್ರಿಕ ಕಾರಣಗಳಿಂದ ತಮಗೆ ಆಗಿರಬಹುದಾದ ಬೇಸರಕ್ಕೆ ವಿಷಾದಿಸುತ್ತೇವೆ, ತಾವು ಕೆಲಸಕ್ಕೆ ಮರಳಬಹುದು' ಎಂದಿತ್ತು. ಮೇಸ್ತ್ರಿಯ ಕೆಂಪು ಪೆನ್ನು ಕೇಳಿ ತಂದೆ. 'ಕೆಲವು ತಾಂತ್ರಿಕ ಕಾರಣಗಳಿಂದ' ಎಂಬುದನ್ನು ಹೊಡೆದು 'ನಮ್ಮ ತಪ್ಪಿನಿಂದ' ಎಂದು ಬರೆದೆ. 'ಆಗಿರಬಹುದಾದ' ಹೊಡೆದು 'ಆದ' ಎಂದೆ. 'ಬೇಸರ' ಹೊಡೆದು 'ಅನ್ಯಾಯ' ಎಂದೆ. ಸರಿಯಾಗಿ ಟೈಪ್ ಮಾಡಿಸಿ, ಕ್ಷಮಾಳನ್ನು ಲ್ಯಾಬಿನಲ್ಲಿ ಕೂರಿಸಿ, ಆಮೇಲೆ ಕಳಿಸಿ ಎಂದು ವಾಪಸ್ ಹಾಕಿದೆ. ಅಲ್ಲಿಯವರೆಗೆ ಐಸ್ ಗಡ್ಡೆ ಎತ್ತಲು ನನಗೇನೂ ಕಷ್ಟವಿಲ್ಲ.

ಇದನ್ನು ಬರೆಯಲು ಕೂತದ್ದು ಬೇರೆ ವಿಷಯಕ್ಕೆ.

ನನ್ನ ಕೈಯ ವಿಷಯ ನನ್ನದು ಎಂದೆಯಲ್ಲ. ಕಳೆದ ಶನಿವಾರ ಕುಂಭಾಶಿಗೆ ಹೋದೆ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ ಆ ಹುಡುಗಿ ಸೌಮ್ಯಶ್ರೀಯ ಮನೆ ಅಲ್ಲಿ. ಅವಳ ಅಮ್ಮನ ಹೆಸರು ಬಾಗಿ, ಆನೆಗುಡ್ಡೆ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಹೂವು ಮಾರುತ್ತಾಳೆ. ಜಗಲಿಯಲ್ಲಿ ಕೂತು ಹೂವು ಕಟ್ಟುತ್ತಿದ್ದಳು. ಡೈರಿಯಿಂದ ಎಂದಾಗಲೂ ಅವಳ ಕೈ ನಿಲ್ಲಲಿಲ್ಲ.

"ಒಂದ್ ವರ್ಷ ಆಯ್ತ್. ಮನಿಗ್ ಬಂದ್ ಮಾತಾಡ್ದರ್ ನೀವ್ ಒಬ್ರೇ" ಎಂದಳು. "ಒಂದ್ ಕಾಗ್ದ ಬಂದಿತ್, ಆಪರೇಟರ್‌ನ ತೆಗ್ದಿತ್ ಅಂತ. ಆ ಆಪರೇಟರಿಗೆ ನಾನ್ ಎಷ್ಟ್ ಶಾಪ ಹಾಕಿದೆ, ಗೊತ್ತಾ?"

"ಗೊತ್ತಿಲ್ಲೆ" ಎಂದೆ. "ಆ ಆಪರೇಟರ್ ನಾನೇ."

ಆಗ ಕೈ ನಿಂತಿತು. ನಾನು ಎಲ್ಲ ಹೇಳಿದೆ. ಬಿರುಕು, ಪಂಪು, ರವಿರಾಜ್ ಹೇಳಿದ್ದು, ನಾನು ಕೈ ತೆಗೆದದ್ದು, ಚಾರ್ಟ್ ನೋಡದೆ ರುಜು ಬಿದ್ದ ವರದಿ. ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಎದ್ದು ಹೋಗಿ ಎಂದಾಳು ಎಂದು ಚಪ್ಪಲಿ ಕಡೆ ನೋಡಿದೆ. ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ಹುಡುಗಿ ಈಚೆ ಬಂದಳು. ಒಂಬತ್ತನೇ ಕ್ಲಾಸು, ಸಪೂರ, ಕಣ್ಣು ಮಾತ್ರ ಚುರುಕು.

"ವರದಿಗೆ ಸೈನ್ ಹಾಕಿದ್ ನೀವಾ?"

"ಅಲ್ಲ. ಲ್ಯಾಬಿನ ಕ್ಷಮಾ ಅಂತ ಒಬ್ಳ್."

"ಚಾರ್ಟ್ ಕಾಣ್ದೆ ಸೈನ್ ಹಾಕಿದ್ರಾ ಅವ್ರ್?"

"ಹೌದ್."

"ಅವ್ರನ್ನ ಕರ್ಕಂಡ್ ಬನ್ನಿ" ಎಂದಳು. "ನಂಗೆ ಅವ್ರ್ ಹತ್ರ ಕೇಂಬುಕಿತ್ತ್."

ಏನು ಕೇಳಬೇಕು ಎಂದು ನಾನು ವಿಚಾರಿಸಲಿಲ್ಲ. ಅದು ನಿನಗೆ ಕೇಳುವ ಪ್ರಶ್ನೆ.

ಹದಿನಾರನೇ ತಾರೀಕು ಶನಿವಾರ ಬೆಳಿಗ್ಗೆ ಹತ್ತಕ್ಕೆ ಕುಂಭಾಶಿ ಬಸ್‌ಸ್ಟಾಪಿನಲ್ಲಿ ನಿಂತಿರುತ್ತೇನೆ. ಅವರು ಕೂರಿ ಎನ್ನುತ್ತಾರೆ ಎಂದು ನಾನು ಮಾತು ಕೊಡಲಾರೆ. ನಿಂತೇ ಉತ್ತರ ಹೇಳಬೇಕಾದೀತು. ನಾನು ಪಕ್ಕದಲ್ಲಿ ನಿಲ್ಲುತ್ತೇನೆ.

ಬಾ.

ನಿನ್ನ,
ಜಲಜಕ್ಕ